ಕತ್ತಿ ಎತ್ತುವವರೆಗೆ ಮಾತ್ರ ಟ್ರೇಲರ್

ರಕ್ತದ ಬಣ್ಣ ಫ್ಲೆಕ್ಸಿನಲ್ಲಿ ಸುಲಭಕ್ಕೆ ಬರುವುದಿಲ್ಲ. ಮೆಜೆಂಟಾ ನೂರು, ಹಳದಿ ನೂರು ಕೊಟ್ಟರೆ ಬರುವುದು ಕುಂಕುಮದ ಕೆಂಪು. ಗಣೇಶೋತ್ಸವದ ಬ್ಯಾನರಿಗೆ ಅದು ಸಾಕು. ರಕ್ತ ಅನ್ನಿಸಬೇಕಾದರೆ ಅದಕ್ಕೆ ಮೂವತ್ತು ಮೂವತ್ತೈದರಷ್ಟು ಕಪ್ಪು ಸೇರಿಸಬೇಕು, ಅಂಚಿನಲ್ಲಿ ಒಣಗಿದ ಹಾಗೆ ತುಸು ಕಂದು ಎಳೆಯಬೇಕು. ಮಂಗಳೂರಿನ ಕಂಕನಾಡಿಯಲ್ಲಿ ಫ್ಲೆಕ್ಸ್, ಸ್ಟಿಕ್ಕರ್, ಟೀ ಶರ್ಟ್ ಪ್ರಿಂಟಿಂಗಿನ ಅಂಗಡಿ ಇಟ್ಟುಕೊಂಡ ನನಗೆ ಈ ವಿದ್ಯೆ ಕಲಿಸಿದ್ದು ಸಿನಿಮಾದವರಲ್ಲ, ಸಿನಿಮಾದ ಅಭಿಮಾನಿಗಳು. ದೊಡ್ಡ ಸಿನಿಮಾದ ಪೋಸ್ಟರ್ ಬೆಂಗಳೂರಲ್ಲೇ ಆಗಿ ಬರುತ್ತದೆ. ನಮ್ಮಲ್ಲಿಗೆ ಬರುವುದು ಹುಡುಗರು. ಮೊಬೈಲಲ್ಲಿ ಫಸ್ಟ್ ಲುಕ್ ತೋರಿಸಿ, "ಅಣ್ಣ, ಇದನ್ನೇ ಹತ್ತು ಆರರ ಸೈಜಿಗೆ ಮಾಡಿ, ಕೆಳಗೆ ನಮ್ಮ ಫೋಟೋ ಸಾಲಾಗಿ ಹಾಕಿ, ರಕ್ತ ಸ್ವಲ್ಪ ಜಾಸ್ತಿ ಇರ್ಲಿ" ಅನ್ನುತ್ತಾರೆ.

(ಫ್ಲೆಕ್ಸ್ ಬ್ಯಾನ್ ಆಗಿದೆಯಲ್ಲ ಅಂತ ಕಮೆಂಟ್ ಹಾಕಲು ಹೊರಟವರಿಗೆ: ಬಟ್ಟೆಯದ್ದೂ ಉಂಟು ಮಾರಾಯ್ರೆ. ಜನರ ಬಾಯಲ್ಲಿ ಎಲ್ಲವೂ ಫ್ಲೆಕ್ಸೇ.)

ಮೊನ್ನೆ ಮೊನ್ನೆ ಒಬ್ಬರು ಮಗನ ಹುಟ್ಟುಹಬ್ಬದ ಬ್ಯಾನರಿಗೆ ಬಂದರು. ಮಗ ಒಂದನೇ ಕ್ಲಾಸು. ಫೋಟೋದಲ್ಲಿ ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿದ್ದಾನೆ. ಹಿಂದೆ ಹಾಕಬೇಕಾದದ್ದು ತಲವಾರು ಹಿಡಿದು ನಿಂತ ಹೀರೋ. ತಲವಾರಿನ ತುದಿಯಿಂದ ತೊಟ್ಟಿಕ್ಕುವ ರಕ್ತ ಸರಿಯಾಗಿ ಮಗುವಿನ ತಲೆಯ ಮೇಲೆ ಬರುತ್ತಿತ್ತು. "ಸಿನಿಮಾ ನೋಡಿದ್ದೀರಾ, ಹೇಗುಂಟು?" ಅಂತ ಕೇಳಿದೆ. "ಇನ್ನೂ ರಿಲೀಸೇ ಆಗ್ಲಿಲ್ಲ ಅಲ್ವಾ" ಅಂದರು. "ಹಾಗಾದರೆ ಕತ್ತಿ ಇಲ್ಲದ ಫೋಟೋ ಹಾಕುವ, ನಗುವುದು ಯಾವುದಾದರೂ" ಅಂದೆ. ಪಾಪ, ಒಪ್ಪಿದರು. ಇಬ್ಬರೂ ಕೂತು ಹುಡುಕಿದೆವು. ಆ ಸಿನಿಮಾದವರು ಹೊರಬಿಟ್ಟ ಫೋಟೋಗಳಲ್ಲಿ ಆ ಮನುಷ್ಯ ಒಂದರಲ್ಲೂ ನಗುವುದಿಲ್ಲ. ಹಲ್ಲು ಕಾಣುವುದು ಕಚ್ಚುವಾಗ ಮಾತ್ರ. ಕೊನೆಗೆ ಸಿಕ್ಕಿದ್ದು ಯಾವುದೋ ಬನಿಯನ್ ಜಾಹೀರಾತಿನದ್ದು. ಅದನ್ನೇ ಹಾಕಿದೆವು.

ನನ್ನ ತಕರಾರು ಅಲ್ಲಿಂದಲೇ ಶುರು. ಕೊಲೆಯ ಕಥೆ ಸಿನಿಮಾ ಮಾಡಬಾರದು ಅನ್ನುವವನು ನಾನಲ್ಲ. ಒಳ್ಳೆಯ ಕ್ರೈಂ ಸಿನಿಮಾ ಬಂದರೆ ಅಂಗಡಿ ಬಾಗಿಲು ಬೇಗ ಹಾಕಿ ಸೆಕೆಂಡ್ ಶೋಗೆ ಹೋಗುವವನೇ. ಆದರೆ ಕಥೆ ಇನ್ನೂ ಯಾರೂ ನೋಡಿಲ್ಲ, ಕತ್ತಿ ಆಗಲೇ ಮಗುವಿನ ಬರ್ತ್‌ಡೇಗೆ ಬಂದಿದೆ. ಹೀರೋ ಯಾರನ್ನು ಕಡಿದ, ಯಾಕೆ ಕಡಿದ, ಕಡಿದ ಮೇಲೆ ಅವನ ಗತಿ ಏನಾಯಿತು ಅನ್ನುವುದು ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಕಡಿಯುವಾಗ ಚಂದ ಕಾಣುತ್ತಾನೆ ಅನ್ನುವುದಷ್ಟೆ.

ಕಾನೂನು ಇಲ್ಲವಾ ಅಂದರೆ ಉಂಟು, ಸಿನಿಮಾಕ್ಕೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು ಯುಎ ಸರ್ಟಿಫಿಕೇಟನ್ನು (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು) 7, 13, 16 ವರ್ಷ ಅಂತ ಮೂರು ಭಾಗ ಮಾಡಿದ್ದಾರೆ. ಎ ಸಿಕ್ಕಿದರೆ ಹದಿನೆಂಟು ಆಗದವರನ್ನು ಒಳಗೆ ಬಿಡಬಾರದು, ಜಾಹೀರಾತಿನಲ್ಲೂ ಎ ಅಂತ ಕಾಣಿಸಬೇಕು. ಥಿಯೇಟರಿನಲ್ಲಿ ಹಾಕುವ ಟ್ರೇಲರಿಗೂ ಸೆನ್ಸಾರ್ ಬೇಕು. ಸರಿ. ಆದರೆ ಈ ಸರ್ಟಿಫಿಕೇಟ್ ಕೈಗೆ ಬರುವುದು ಸಾಮಾನ್ಯವಾಗಿ ಬಿಡುಗಡೆ ಹತ್ತಿರ ಬಂದಾಗ. ಮೋಷನ್ ಪೋಸ್ಟರ್, ಫಸ್ಟ್ ಲುಕ್, ಗ್ಲಿಂಪ್ಸ್, ಟೀಸರ್ ಇವೆಲ್ಲ ಹೀರೋನ ಹುಟ್ಟುಹಬ್ಬ, ಯುಗಾದಿ, ದೀಪಾವಳಿ ಅಂತ ಒಂದೊಂದಾಗಿ ಅದಕ್ಕೂ ತಿಂಗಳುಗಟ್ಟಲೆ ಮೊದಲೇ ಬಂದಿರುತ್ತವೆ. ಆಗ ಆ ಸಿನಿಮಾ ಎ ಕೂಡ ಅಲ್ಲ, ಯು ಕೂಡ ಅಲ್ಲ. ಯೂಟ್ಯೂಬಿಗೆ ಹಾಕಲು ಸೆನ್ಸಾರಿನ ಸಹಿಯೂ ಬೇಡ. ಥಿಯೇಟರಿನ ಬಾಗಿಲಲ್ಲಿ ತಡೆಯಬೇಕಾದ ಹುಡುಗನಿಗೆ ಅದೇ ಸಿನಿಮಾದ ಕತ್ತಿಯನ್ನು ವರ್ಷವಿಡೀ ಮೊಬೈಲಿನಲ್ಲಿ ತೋರಿಸಿ ಆಗಿರುತ್ತದೆ.

ಅಮೆರಿಕದಲ್ಲಿ ಇದನ್ನು ಒಮ್ಮೆ ಸರಿಯಾಗಿ ಕೆದಕಿದ್ದರು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿದ ಮೇಲೆ ಅಲ್ಲಿನ ಅಧ್ಯಕ್ಷರು ವ್ಯಾಪಾರದ ಮೇಲೆ ಕಣ್ಣಿಡುವ ಫೆಡರಲ್ ಟ್ರೇಡ್ ಕಮಿಷನ್ನಿಗೆ ತನಿಖೆ ಮಾಡಲು ಹೇಳಿದರು. ಹಿಂಸೆಯ ಸಿನಿಮಾ ಮಾಡುತ್ತಾರಾ ಅನ್ನುವುದು ಅವರ ಪ್ರಶ್ನೆ ಆಗಿರಲಿಲ್ಲ, ಯಾರಿಗೆ ಮಾರುತ್ತಾರೆ ಅನ್ನುವುದಾಗಿತ್ತು. 2000ದ ಸೆಪ್ಟೆಂಬರಿನಲ್ಲಿ ವರದಿ ಬಂತು. ಹಿಂಸೆಯ ಕಾರಣಕ್ಕೆ 'ಆರ್' ದರ್ಜೆ ಪಡೆದ 44 ಸಿನಿಮಾಗಳನ್ನು ಆರಿಸಿ ಕಂಪೆನಿಗಳ ಒಳಗಿನ ಕಾಗದಪತ್ರ ತರಿಸಿ ನೋಡಿದ್ದರು. ಅದರಲ್ಲಿ 35 ಸಿನಿಮಾಗಳ ಪ್ರಚಾರ ಹದಿನೇಳು ತುಂಬದ ಮಕ್ಕಳಿಗೇ ಗುರಿ ಇಟ್ಟದ್ದು. ಹಿರಿಯರು ಜೊತೆಗಿಲ್ಲದೆ ನೀನು ನೋಡಬಾರದು ಅಂತ ತಾವೇ ಮುದ್ರೆ ಒತ್ತಿಸಿಕೊಂಡ ಸಿನಿಮಾವನ್ನು, ನೋಡಬಾರದವನಿಗೇ ಹುಡುಕಿಕೊಂಡು ಹೋಗಿ ಮಾರುವ ಲೆಕ್ಕಾಚಾರ. ನಮ್ಮಲ್ಲಿ ಅಂಥ ಕಾಗದಪತ್ರ ತರಿಸಿ ನೋಡುವ ಅಗತ್ಯವೂ ಇಲ್ಲ. ಶಾಲೆ ಬಿಡುವ ಹೊತ್ತಿಗೆ ನನ್ನ ಅಂಗಡಿಯ ಸ್ಟಿಕ್ಕರ್ ಸ್ಟ್ಯಾಂಡಿನ ಎದುರು ಬಂದು ನಿಂತರೆ ಸಾಕು.

ನಮ್ಮ ಸರಕಾರದ ಕಣ್ಣು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 2021ರ ಜನವರಿಯಲ್ಲಿ ಕೆಜಿಎಫ್ ಎರಡನೇ ಭಾಗದ ಟೀಸರ್ ಬಂತಲ್ಲ, ಯಶ್ ಹುಟ್ಟುಹಬ್ಬದ ಸಮಯಕ್ಕೆ. ಮಷೀನ್ ಗನ್ನಿನಿಂದ ಜೀಪುಗಳನ್ನು ಹಾರಿಸಿ, ಕೆಂಪಗೆ ಕಾದ ನಳಿಗೆಯಲ್ಲಿ ಸಿಗರೇಟು ಹಚ್ಚುವುದು. ರಾಜ್ಯದ ತಂಬಾಕು ನಿಯಂತ್ರಣ ಘಟಕದಿಂದ ನೋಟಿಸ್ ಹೋಯಿತು, ಸಿಗರೇಟಿಗೆ. ನಳಿಗೆ ಯಾಕೆ ಅಷ್ಟು ಕಾದಿತ್ತು ಅಂತ ಯಾರೂ ಕೇಳಲಿಲ್ಲ. ಘಟಕದವರ ತಪ್ಪಲ್ಲ, ಅವರ ಕೆಲಸ ತಂಬಾಕು, ಅದಕ್ಕೊಂದು ಕಾಯ್ದೆ ಉಂಟು, ಅದರಂತೆ ಮಾಡಿದರು. ಗನ್ನಿನ ಜಾಹೀರಾತಿಗೆ ಹೇಳುವವರು ಕೇಳುವವರು ಯಾರೂ ಇಲ್ಲ, ಅಷ್ಟೆ.

ಈಗಿನ ಟ್ರೇಲರ್ ಹೇಗೆ ಕಟ್ಟುತ್ತಾರೆ ಅಂತ ಒಮ್ಮೆ ಸೌಂಡ್ ತೆಗೆದು ನೋಡಿ. ಕರಾವಳಿಯ ಕಥೆಯಾದರಂತೂ ಮೊದಲಿಗೆ ಡ್ರೋನಿನಲ್ಲಿ ಕಡಲು, ದಕ್ಕೆಯಲ್ಲಿ ಸಾಲು ಬೋಟು, ಹೆಂಚಿನ ಮಾಡು. ಯಾರೋ ವಯಸ್ಸಾದವರು ಅವನ ಬಗ್ಗೆ ಗಡಸು ಸ್ವರದಲ್ಲಿ ಒಂದು ಮಾತು ಹೇಳುತ್ತಾರೆ. ಆಮೇಲೆ ಸದ್ದೇ ಇಲ್ಲ. ಬೆಂಕಿಕಡ್ಡಿ ಗೀರುತ್ತದೆ. ಹುಲಿವೇಷದ ತಾಸೆಯ ಬಡಿತ ಶುರುವಾಗುತ್ತದೆ, ಒಂದೊಂದು ಪೆಟ್ಟಿಗೆ ಒಂದೊಂದು ಕಟ್: ಕಣ್ಣು, ಕಾಲು, ಕೆಸರು, ಕತ್ತಿ, ಹುಲಿವೇಷದ ಮುಖ, ಮತ್ತೆ ಕತ್ತಿ. ಕತ್ತಿ ಮೇಲೆದ್ದಿತು ಅನ್ನುವಾಗ ಪರದೆ ಕಪ್ಪಾಗಿ ಧಡ್ ಅಂತ ಸಿನಿಮಾದ ಹೆಸರು ಬೀಳುತ್ತದೆ. ಕತ್ತಿಯ ಪೆಟ್ಟು ಬಿದ್ದದ್ದು ಮನುಷ್ಯನ ಮೇಲಲ್ಲ, ಟೈಟಲ್ ಮೇಲೆ.

ಗಾಯ ತೋರಿಸದೇ ಇರುವುದು ಮರ್ಯಾದೆಗಾಗಿ ಅಂತ ತಿಳಿಯಬೇಡಿ. ಹಸಿ ಗಾಯ, ಹೆಣ ತೋರಿಸಿದರೆ ಯೂಟ್ಯೂಬಿನವರು ವಯಸ್ಸಿನ ಬೀಗ ಹಾಕುವ ಸಾಧ್ಯತೆ ಉಂಟು. ಬೀಗ ಬಿದ್ದರೆ ಅದು ಎಲ್ಲರ ಮೊಬೈಲಿಗೆ ಹೋಗುವುದಿಲ್ಲ, ಒಂದು ದಿನದಲ್ಲಿ ಇಷ್ಟು ವ್ಯೂಸ್ ಅಂತ ಮರುದಿನ ಪೋಸ್ಟರ್ ಮಾಡಲು ಆಗುವುದಿಲ್ಲ. ಹಾಗಾಗಿ ಕತ್ತಿ ಬೇಕು, ಗಾಯ ಬೇಡ. ನೋವೇ ಇಲ್ಲದ ಹಿಂಸೆ ಮಾತ್ರ ಎಲ್ಲ ವಯಸ್ಸಿನವರಿಗೂ ಮಾರಾಟಕ್ಕೆ ಯೋಗ್ಯ. ನನಗೆ ಇದು ರಕ್ತ ತೋರಿಸುವುದಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ.

ಇಲ್ಲಿ ಒಬ್ಬರು ಸ್ನೇಹಿತರು ವಾದಕ್ಕೆ ಬರುತ್ತಾರೆ ಅಂತ ಗೊತ್ತು, ಯಕ್ಷಗಾನದ ಹುಚ್ಚಿನವರು. "ನಮ್ಮ ಮೇಳದ ಕರಪತ್ರದಲ್ಲೂ ಕೀಚಕ ವಧೆ, ಮಹಿಷಾಸುರ ವಧೆ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದಲ್ಲ, ಅದೇನು ಅಹಿಂಸೆಯಾ?" ಒಳ್ಳೆಯ ಪ್ರಶ್ನೆ. ಹೆಸರಿನಲ್ಲೇ ಹೆಣ ಉಂಟು, ನಿಜ. ಮಹಿಷಾಸುರ ದೊಂದಿ ಹಿಡಿದುಕೊಂಡು ಜನರ ನಡುವಿನಿಂದ ಬೊಬ್ಬೆ ಹೊಡೆಯುತ್ತಾ ಬರುವಾಗ ನಾನು ಸಣ್ಣದಿರುವಾಗ ಅಮ್ಮನ ಸೆರಗಿನೊಳಗೆ ನುಗ್ಗುತ್ತಿದ್ದೆ. ಆದರೆ ಆ ಕರಪತ್ರ ಓದುವವನಿಗೆ ಇಡೀ ಕಥೆ ಗೊತ್ತು. ಆ ಕೋಣ ಇಷ್ಟು ಹಾರಾಡಿ ಬೆಳಗಾಗುವುದರೊಳಗೆ ದೇವಿಯ ಕೈಯಲ್ಲಿ ಸಾಯುತ್ತದೆ ಅಂತ ಅಮ್ಮ ಸೆರಗಿನ ಮೇಲಿಂದಲೇ ಹೇಳುತ್ತಿದ್ದರು. ಗದಾಯುದ್ಧ ನೋಡಿ, ತೊಡೆ ಮುರಿದು ಬಿದ್ದ ಕೌರವನ ಮಾತು ಗದೆಯ ಪೆಟ್ಟಿಗಿಂತ ಎಷ್ಟೋ ಉದ್ದ. ಬಿದ್ದವನಿಗೂ ಅರ್ಥ, ಅಂದರೆ ತನ್ನ ಮಾತು, ಹೇಳಲು ಅಲ್ಲಿ ಸಮಯ ಕೊಡುತ್ತಾರೆ. ಟ್ರೇಲರ್ ನಿಂತಿರುವುದೇ ಮುಂದೇನು ಅಂತ ನಮಗೆ ಗೊತ್ತಿಲ್ಲದಿರುವುದರ ಮೇಲೆ. ಬಿದ್ದವನ ಮುಖ ಕಾಣುವ ಮೊದಲೇ ಅದು ಮುಗಿದಿರುತ್ತದೆ.

ಸಿನಿಮಾ ಮಾಡಿದವರಿಗೂ ಇದರಿಂದ ಅನ್ಯಾಯವೇ. ಗರುಡ ಗಮನ ವೃಷಭ ವಾಹನ ನಮ್ಮ ಮಂಗಳಾದೇವಿಯ ಕಥೆ, ರಾಜ್ ಬಿ. ಶೆಟ್ಟಿಯವರದ್ದು, 2021ರ ನವೆಂಬರಿನಲ್ಲಿ ಬಂತು. ಇಬ್ಬರು ಗೆಳೆಯರು ರೌಡಿಸಂನಲ್ಲಿ ಮೇಲೇರಿ ಒಬ್ಬರಿಗೊಬ್ಬರು ವೈರಿಗಳಾಗುವ ಕಥೆ. ಅದರಲ್ಲಿ ಕೊಲೆಯ ಹಿಂದೆಯೇ ಆ ಇಬ್ಬರಲ್ಲಿ ಒಬ್ಬನಾದ ಶಿವ ಮಳೆಯಲ್ಲಿ ಹುಲಿಕುಣಿತ ಹಾಕುವುದುಂಟಲ್ಲ, ಥಿಯೇಟರಿನಲ್ಲಿ ನನಗೆ ಬೆನ್ನಲ್ಲಿ ತಣ್ಣಗಾಗಿತ್ತು. ನವರಾತ್ರಿಯಲ್ಲಿ ಹರಕೆ ಹೊತ್ತು ಕುಣಿಯುವ ಹೆಜ್ಜೆ ಇವನ ಕಾಲಿಗೆ ಎಲ್ಲಿಂದ ಬಂತು ಅಂತ. ಇಂಥವನ ಜೊತೆ ಇರುವುದು ಹೇಗೆ ಅಂತ. ಸಿನಿಮಾ ಆ ಪ್ರಶ್ನೆಯನ್ನು ಕೊನೆಯವರೆಗೂ ಎಳೆಯುತ್ತದೆ. ಆದರೆ ರೀಲ್ಸಿಗೆ ಇಳಿಯುವಾಗ ಉಳಿದದ್ದು ಕುಣಿತ ಮಾತ್ರ, ಹಿಂದಿನ ಹೆಣವೂ ಇಲ್ಲ ಮುಂದಿನ ಕಥೆಯೂ ಇಲ್ಲ. ಆ ಭಂಗಿಯ ಸ್ಟಿಕ್ಕರ್ ಕೇಳಿ ಬಂದ ಹುಡುಗರಲ್ಲಿ ಪೂರ್ತಿ ಸಿನಿಮಾ ನೋಡಿದವರಿಗಿಂತ ನೋಡದವರೇ ಜಾಸ್ತಿ. ನಿರ್ದೇಶಕರು ಹೆದರಿಸಲು ಮಾಡಿದ್ದು ಬೈಕಿನ ಟ್ಯಾಂಕ್ ಮೇಲೆ ಶೋಕಿಗೆ ಕೂತಿತು.

ನಮ್ಮೂರಿನವನಾಗಿ ಇದು ಯಾಕೆ ತಲೆಗೆ ಹತ್ತುತ್ತದೆ ಅಂತಲೂ ಹೇಳುತ್ತೇನೆ. ತಲವಾರು ನಮಗೆ ಪೋಸ್ಟರಿನಲ್ಲಿ ಮಾತ್ರ ಇರುವ ವಸ್ತು ಅಲ್ಲ, ಬೆಳಗ್ಗಿನ ಪೇಪರಿನಲ್ಲೂ ಬರುತ್ತದೆ. 2022ರ ಜುಲೈಯಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಕೊಲೆ ಆದಾಗ ಏನಾಯಿತು ಅಂತ ಇಲ್ಲಿರುವವರಿಗೆ ನೆನಪಿರಬಹುದು. ಸಂಜೆ 6ಕ್ಕೇ ಅಂಗಡಿ ಬಾಗಿಲು ಹಾಕಬೇಕು ಅಂತ ಆದೇಶ. ಅಷ್ಟಮಿಗೆ, ಚೌತಿಗೆ ಪ್ರಿಂಟಿಂಗ್ ಕೆಲಸ ಬರುವ ಸಮಯ. ನಮ್ಮ ಮಷೀನ್ ಹುಡುಗ ಉಪ್ಪಿನಂಗಡಿ ಕಡೆಯವನು, ಅವನ ಮನೆಯಿಂದ ನಾಲ್ಕು ಗಂಟೆಗೇ ಫೋನು ಶುರು, "ಹೊರಟೆಯಾ, ಬಸ್ಸು ಸಿಕ್ಕಿತಾ" ಅಂತ. ಹೋಟೆಲಿನವರು ಮಾಡಿದ ಸಾಂಬಾರು ಚೆಲ್ಲಿದರು. ಬಾಡಿಗೆ ಇಲ್ಲದೆ ರಿಕ್ಷಾದವರು ರಿಕ್ಷಾ ಪಾರ್ಕಿನಲ್ಲಿ ಸಾಲಾಗಿ ಸುಮ್ಮನೆ ಕೂತಿದ್ದರು. ಪರಿಚಯದವರೊಡನೆ ಮಾತಾಡುವಾಗಲೂ ಯಾರ ಹೆಸರು ಎತ್ತಬೇಕು, ಎತ್ತಬಾರದು ಅಂತ ತೂಗಿ ಮಾತಾಡಬೇಕಿತ್ತು. ಸತ್ತವರ ಮನೆಯಲ್ಲಿ ಆದದ್ದನ್ನು ಹೇಳಲು ನನಗೆ ಅಧಿಕಾರವಿಲ್ಲ. ಬದುಕಿದ್ದ ನಮಗೇ ಇಷ್ಟು. ಇದರಲ್ಲಿ ಒಂದಾದರೂ ಟ್ರೇಲರಿನಲ್ಲಿ ಬಂದದ್ದು ನೋಡಿದ್ದೀರಾ?

ಟೀಸರ್ ನೋಡಿದ ಹುಡುಗ ನಾಳೆ ಹೋಗಿ ಕಡಿಯುತ್ತಾನೆ ಅಂತ ನಾನು ಹೇಳುತ್ತಿಲ್ಲ. ಅಷ್ಟು ಸುಲಭದ ಲೆಕ್ಕ ಅದಲ್ಲ, ಹಾಗೆ ಹೇಳುವ ಟಿವಿ ಚರ್ಚೆಯವರನ್ನು ಕಂಡರೆ ನನಗೂ ಆಗುವುದಿಲ್ಲ. ಕಡಿಯುವವರಿಗೆ ಕಾರಣಗಳು ಬೇರೆ ಇರುತ್ತವೆ, ಹಿಂದೆ ಕಾಸು ಕೊಡುವವರೂ ಇರುತ್ತಾರೆ. ನನ್ನ ಮಾತು ಮಾರಾಟದ ಬಗ್ಗೆ. ಅಂಗಡಿಯವನಾಗಿ ಹೇಳುತ್ತೇನೆ, ಮಾಲಿನ ಒಳಗೆ ಇಲ್ಲದ್ದನ್ನು ಹೊರಗಿನ ಲೇಬಲ್ಲಿನಲ್ಲಿ ಬರೆದರೆ ಅದಕ್ಕೆ ಮೋಸ ಅಂತಲೇ ಹೆಸರು. ಮೂರು ಗಂಟೆ ಪಶ್ಚಾತ್ತಾಪದ ಕಥೆ ಹೇಳುವ ಸಿನಿಮಾಕ್ಕೂ, ಮೂರು ಗಂಟೆ ಬರೀ ಹೊಡೆದಾಟ ಇರುವ ಸಿನಿಮಾಕ್ಕೂ ಒಂದೇ ಪೋಸ್ಟರ್: ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, ಬಗ್ಗಿಸಿದ ತಲೆ, ಹುಬ್ಬಿನ ಕೆಳಗಿಂದ ನೋಟ, ಕೈಯಲ್ಲಿ ಆಯುಧ. ಹೆಸರು ಮುಚ್ಚಿ ಸಾಲಾಗಿ ಹಾಕಿದರೆ ಯಾವುದು ಯಾವ ಸಿನಿಮಾದ್ದು ಅಂತ ಗುರುತು ಹಿಡಿಯಲು ಡಿಸೈನ್ ಮಾಡಿದವನಿಗೂ ಕಷ್ಟ.

"ಮೆತ್ತಗಿನ ಪೋಸ್ಟರ್ ಹಾಕಿದರೆ ಓಪನಿಂಗ್ ಬರುವುದಿಲ್ಲ" ಅನ್ನುತ್ತಾರೆ. ನಮ್ಮದೇ ಊರಿನಲ್ಲಿ ಅದಕ್ಕೆ ಉತ್ತರ ಉಂಟು. ತುಳು ಸಿನಿಮಾದ ಪೋಸ್ಟರ್ ನೆನಪು ಮಾಡಿಕೊಳ್ಳಿ, ಹಳದಿ, ಹಸುರು, ಬಾಯಿ ತೆರೆದು ನಗುವ ಏಳೆಂಟು ಮುಖ, ಒಬ್ಬನ ಪಂಚೆ ಜಾರುತ್ತಿರುತ್ತದೆ. ಡಿಸೈನ್ ಅಂತ ನೋಡಿದರೆ ಹೆಚ್ಚಿನವು ಹಾಳೇ, ಸುಳ್ಳು ಹೇಳಬಾರದು. ಆದರೆ 2011ರಲ್ಲಿ ಒರಿಯರ್ದೊರಿ ಅಸಲ್ ಬಂದಾಗ ಸಂಸಾರ ಸಮೇತ ಜನ ವಾರಗಟ್ಟಲೆ ಹೋಗಿ ನೋಡಿದರು. ಒಳಗೆ ಇದ್ದದ್ದು ನಗು, ಹೊರಗೆ ಹಾಕಿದ್ದೂ ನಗು.

ಟೀಸರ್ ಬ್ಯಾನ್ ಮಾಡಿ ಅಂತ ನಾನು ಅರ್ಜಿ ಹಿಡಿದು ಹೊರಟಿಲ್ಲ. ಬ್ಯಾನ್ ಅಂದರೆ ಇನ್ನೂ ನಾಲ್ಕು ಜನ ಜಾಸ್ತಿ ನೋಡುತ್ತಾರೆ. ತಮ್ಮ ಸಿನಿಮಾ ಎ ಆಗುತ್ತದೆ ಅಂತ ಸ್ಕ್ರಿಪ್ಟ್ ಬರೆಯುವಾಗಲೇ ಗೊತ್ತಿರುವವರು ಫಸ್ಟ್ ಲುಕ್ಕಿನ ಮೂಲೆಯಲ್ಲಿ 'ದೊಡ್ಡವರ ಸಿನಿಮಾ' ಅಂತ ಒಂದು ಸಾಲು ಹಾಕಲಿ, ಅದಕ್ಕೆ ಯಾವ ಕಾಯ್ದೆಯೂ ಬೇಕಾಗಿಲ್ಲ. ಮತ್ತೆ ಟ್ರೇಲರಿನಲ್ಲಿ ಕತ್ತಿ ಎತ್ತಿದ ಮೇಲೆ ಐದು ಸೆಕೆಂಡ್ ಕ್ಯಾಮೆರಾ ಅಲ್ಲೇ ಇರಲಿ. ರಕ್ತ ತೋರಿಸುವುದು ಬೇಡ. ಬಾಗಿಲು ತೆರೆದು ಹೊರಗೆ ಬಂದ ತಾಯಿಯ ಮುಖ ತೋರಿಸಿ, ಅದಕ್ಕೆ ಯೂಟ್ಯೂಬಿನವರೂ ಬೀಗ ಹಾಕುವುದಿಲ್ಲ. ಒಳ್ಳೆಯ ಸಿನಿಮಾ ಆದರೆ ಆ ಶಾಟ್ ನಿಮ್ಮ ಹತ್ತಿರ ಹೇಗೂ ಇರುತ್ತದೆ.

ಫ್ರೆಂಡ್ ಲಿಸ್ಟಿನಲ್ಲಿ ಸಿನಿಮಾದವರು ಕೆಲವರಿದ್ದೀರಿ, ಒಂದು ಸಂಶಯ ಕೇಳುತ್ತೇನೆ, ಪುರುಸೊತ್ತಾದಾಗ ಉತ್ತರಿಸಿ. ಆ ತಾಯಿಯ ಶಾಟ್ ಟ್ರೇಲರಿನಿಂದ ತೆಗೆಯಿರಿ ಅಂತ ಹೇಳುವುದು ಯಾರು? ಡೈರೆಕ್ಟರಾ, ಪ್ರೊಡ್ಯೂಸರಾ, ಹೀರೋ ಕಡೆಯವರಾ, ಇಲ್ಲ ಯಾರ ಚಾನೆಲಿನಲ್ಲಿ ಬಿಡುತ್ತೀರೋ ಆ ಆಡಿಯೋ ಕಂಪೆನಿಯವರಾ?