ಅಡ್ಡಗೋಡೆಯ ಮೇಲೆ ಇಂಗ್ಲಿಷ್ ದೀಪ

ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರನ್ನು 'ಕೆಲಸ ಆಯ್ತಾ?' ಅಂತ ಕೇಳಿ ನೋಡಿ. 'ವರ್ಕ್ ನಾಟ್ ಫಿನಿಶ್. ಟುಮಾರೋ ಐ ಗಿವ್' ಅನ್ನುತ್ತಾರೆ. ವ್ಯಾಕರಣ ಕುಂಟುತ್ತದೆ, ನಿಜ. ಆದರೆ ಕೆಲಸ ಆಗಿಲ್ಲ, ನಾಳೆ ಸಿಗುತ್ತದೆ, ಕೊಡಬೇಕಾದವರು ಇವರೇ. ಎಲ್ಲ ಗೊತ್ತಾಯಿತು. ಹರುಕು ಇಂಗ್ಲಿಷಿನ ದೊಡ್ಡ ದೋಷವೇ ಇದು. ಅದರಲ್ಲಿ ನುಣುಚಿಕೊಳ್ಳಲು ಜಾಗ ಇಲ್ಲ.

ಆ ಜಾಗ ಮಾಡಿಕೊಡಲೆಂದೇ ಪ್ರೊಫೆಷನಲ್ ಇಂಗ್ಲಿಷ್ ಕೋರ್ಸ್‌ಗಳಿವೆ. ಕೋರ್ಸ್ ಮುಗಿಸಿದ ಮೇಲೆ ಅದೇ ಮನುಷ್ಯರು ಬರೆಯುವ ಮೇಲ್ ಓದಬೇಕು. ಮೊದಲ ಸಾಲು: 'ಹೋಪ್ ದಿಸ್ ಈಮೇಲ್ ಫೈಂಡ್ಸ್ ಯು ವೆಲ್.' ಪಕ್ಕದ ಕುರ್ಚಿಯಲ್ಲೇ ಕೂತವರ ಕ್ಷೇಮಸಮಾಚಾರ, ಇರಲಿ. ಆಮೇಲೆ 'ಟಚಿಂಗ್ ಬೇಸ್', ಅಂದರೆ ಸುಮ್ಮನೆ ಒಂದು ಮಾತು ಹೇಳಿ ಹೋಗೋಣ ಅಂತ. ಅದರ ಕೆಳಗೆ ಕೆಲಸ 'ಪೈಪ್‌ಲೈನ್'ನಲ್ಲಿದೆ. ಕೊನೆಗೆ ಅವರು 'ಸರ್ಕಲ್ ಬ್ಯಾಕ್' ಮಾಡುತ್ತಾರಂತೆ, ಅಂದರೆ ಈ ವಿಷಯಕ್ಕೆ ಆಮೇಲೆ ಮತ್ತೆ ಬರುತ್ತಾರಂತೆ. ಯಾವಾಗ? 'ಅಟ್ ದಿ ಅರ್ಲಿಯೆಸ್ಟ್'. ನಾಳೆ ಅನ್ನುವುದು ಎಲ್ಲೋ ಬಿದ್ದುಹೋಗಿದೆ. 'ಐ' ಕೂಡ ನಾಪತ್ತೆ. 'ಇಟ್ ಹ್ಯಾಸ್ ಬೀನ್ ಡಿಲೇಡ್', ಅಂದರೆ ಯಾರೂ ತಡ ಮಾಡಲಿಲ್ಲ, ತಡ ತಾನಾಗಿಯೇ ಆಯಿತು. ವ್ಯಾಕರಣಕ್ಕೆ ನೂರಕ್ಕೆ ನೂರು. ಅತ್ತಲಿಂದ ಉತ್ತರವೂ ಬರುತ್ತದೆ: 'ನೋಟೆಡ್ ವಿತ್ ಥ್ಯಾಂಕ್ಸ್.' ಏನನ್ನು ನೋಟ್ ಮಾಡಿಕೊಂಡರೋ, ದೇವರೇ ಬಲ್ಲ.

ಕೋರ್ಸ್ ಜೊತೆ 'ನ್ಯೂಟ್ರಲ್ ಆಕ್ಸೆಂಟ್' ಉಚಿತ. ಭೂಮಿಯ ಮೇಲೆ ಯಾರ ತಾಯಿಯೂ ಮಗುವಿನ ಜೊತೆ ಆಡದ ಧಾಟಿ ಅದು.

ಪರೀಕ್ಷೆಯ ಕಥೆ ಇನ್ನೂ ಚೆಂದ. ಓದಲು, ದುಡಿಯಲು ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಅದರಲ್ಲಿ ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ನಡುವೆ ಒಂದು ಕಾರ್ಡ್ ಕೊಡುತ್ತಾರೆ. 1 ನಿಮಿಷ ಯೋಚಿಸಿ, ಹೆಚ್ಚೆಂದರೆ 2 ನಿಮಿಷ ಮಾತಾಡಬೇಕು. ಕೋಚಿಂಗ್‌ನಲ್ಲಿ ಇದಕ್ಕೆ ಮೊದಲೇ ಬಾಯಿಪಾಠ ಮಾಡಿಸುತ್ತಾರೆ. ಕಾರ್ಡ್‌ನಲ್ಲಿ ಗೆಳೆಯ ಬರಲಿ, ಮಳೆ ಬರಲಿ, 'ಇನ್ ದಿಸ್ ಫಾಸ್ಟ್ ಪೇಸ್ಡ್ ವರ್ಲ್ಡ್' ಅಂತಲೇ ಶುರು. ಪರೀಕ್ಷಕರೇನು ದಡ್ಡರಲ್ವಲ್ಲ, ಬಾಯಿಪಾಠ ಅಂತ ಗೊತ್ತಾದರೆ ಅಂಕಕ್ಕೆ ಪೆಟ್ಟು ಬೀಳುತ್ತದೆ. ಅದಕ್ಕೂ ಒಂದು ಪಾಠ ಇದೆ: ನಡುವೆ ಸ್ವಲ್ಪ ತಡವರಿಸಿ, ಮೇಲೆ ನೋಡಿ, 'ಲೆಟ್ ಮಿ ಥಿಂಕ್' ಅನ್ನುವುದು. ಅದನ್ನೂ ಬಾಯಿಪಾಠ ಮಾಡಬೇಕು.

ಇತ್ತ ಇಂಗ್ಲಿಷನ್ನು ಹುಟ್ಟಿನಿಂದ ಆಡುವವರ ಪಾಡೇನು? ಅಮೆರಿಕದಲ್ಲಿ 2010ರಲ್ಲಿ ಪ್ಲೇನ್ ರೈಟಿಂಗ್ ಆ್ಯಕ್ಟ್ ಅಂತ ಕಾನೂನೇ ತಂದರು. ಸರ್ಕಾರಿ ಕಚೇರಿಗಳೇ, ಜನರಿಗೆ ತಿಳಿಯುವ ಹಾಗೆ ಬರೆಯಿರಿ ಅಂತ. ವಿಮಾನ ರಿಪೇರಿಯ ಕೈಪಿಡಿಗಳಿಗೆ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅಂತಲೇ ಒಂದಿದೆ. ಅದರಲ್ಲಿ ಸೂಚನೆ ಕೊಡುವ ವಾಕ್ಯ 20 ಪದ ದಾಟುವಂತಿಲ್ಲ. ಮೇಲೆ ಹಾರುವ ಪೈಲಟ್‌ಗೆ ಹೇಳಿದ್ದು ಮಾಡಲಾಗದಿದ್ದರೆ 'ಅನೇಬಲ್' ಎಂಬ ಒಂದೇ ಮಾತು ಸಾಕು. ಸದ್ಯ, ಅವರ್ಯಾರೂ ನಮ್ಮ ಕೋರ್ಸ್‌ಗೆ ಸೇರಿಲ್ಲ. ಸೇರಿದ್ದರೆ 'ಲ್ಯಾಂಡಿಂಗ್ ವಿಷಯದಲ್ಲಿ ಕೆಲವು ಚಾಲೆಂಜಸ್ ಇವೆ, ಒಂದು ಕ್ವಿಕ್ ಕಾಲ್ ಮಾಡೋಣವೇ?' ಅಂತ ಕೇಳುತ್ತಿದ್ದರು.

ಕೋರ್ಸ್ ನಡೆಸುವವರಿಗೂ ಇದು ಗೊತ್ತಾಗಿದೆ. ಬೇಸಿಕ್, ಅಡ್ವಾನ್ಸ್ಡ್ ಎರಡೂ ಮುಗಿಸಿದವರಿಗೆ ಈಗ 'ಲೀಡರ್‌ಶಿಪ್ ಕಮ್ಯುನಿಕೇಶನ್' ಎಂಬ ಹೊಸ ಬ್ಯಾಚ್. ಹಳೆಯ ಮೇಷ್ಟ್ರೇ ಬರುತ್ತಾರೆ. ಚಿಕ್ಕ ವಾಕ್ಯ ಬರೆಯಿರಿ, ಯಾರು ಮಾಡುತ್ತಾರೆ, ಯಾವಾಗ ಕೊಡುತ್ತಾರೆ ಅಂತ ನೇರವಾಗಿ ಹೇಳಿ ಅನ್ನುತ್ತಾರೆ. ಇದಕ್ಕೆ ಫೀಸು ಜಾಸ್ತಿ.