ಹೈಬ್ರಿಡ್ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚುವ ಮುಂಚೆ

ಬೇರು ಕೊಳೆ ತಡೆಯಲು ಮೆಕ್ಕೆಜೋಳದ ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಹಚ್ಚಿದರೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಆದರೆ ದಾವಣಗೆರೆ, ಜಗಳೂರು ಕಡೆ ಬಿತ್ತುವುದು ಬಹುಪಾಲು ಕಂಪನಿಯ ಹೈಬ್ರಿಡ್ ಬೀಜ. ಪಾಕೀಟು ಒಡೆದರೆ ಕೈಗೆ ಹತ್ತುವ ಆ ಬಣ್ಣದ ಜೊತೆ ಸಾಮಾನ್ಯವಾಗಿ ಶಿಲೀಂಧ್ರನಾಶಕವೂ ಇರುತ್ತದೆ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಇಂಥ ಬೀಜದ ಮೇಲೆ ಅದು ಬದುಕುವ ಖಾತ್ರಿಯಿಲ್ಲ. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಇದ್ದರಂತೂ ಹಚ್ಚಲೇಬೇಡಿ. ಮನೆಯ ಜೋಳ, ರಾಗಿ ಬೀಜವಾದರೆ ಕಿಲೋಗೆ 4 ಗ್ರಾಂ ಹಚ್ಚಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ.

ಹೈಬ್ರಿಡ್‌ಗೆ ಗೊಬ್ಬರದ ದಾರಿಯೇ ಸರಿ. ಎಕರೆಗೆ 1 ಕಿಲೋ ಟ್ರೈಕೋಡರ್ಮಾ ಪುಡಿಯನ್ನು 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಗುಡ್ಡೆ ಹಾಕಿ ಒದ್ದೆ ಗೋಣಿಚೀಲ ಹೊದಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಇಳಿಯಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ. 10–15 ದಿನಕ್ಕೆ ಬಿಳಿ ಬೂಷ್ಟು ಹಸಿರಿಗೆ ತಿರುಗುತ್ತದೆ. ಹಸಿ ಸಗಣಿ ಬೇಡ, ಅದರ ಕಾವಿಗೆ ಟ್ರೈಕೋಡರ್ಮಾ ಸಾಯುತ್ತದೆ. ಹದವಿದ್ದಾಗಲೇ ಸಾಲಿಗೆ ಹಾಕಿ ಮಣ್ಣು ಮುಚ್ಚಿ.

ಹೂವಾಡಿದ ಮೇಲೆ ಮಳೆ ಕೈಕೊಟ್ಟಾಗ ಬರುವ ಇದ್ದಿಲು ಕೊಳೆಯನ್ನು ಇದೊಂದೇ ತಡೆಯುವುದಿಲ್ಲ. ದಂಟು ಸೀಳಿದರೆ ನಾರಿಗೆ ಕರಿ ಪುಡಿ ಅಂಟಿರುತ್ತದೆ, ಅದೇ ಗುರುತು. ಬೋರ್‌ವೆಲ್ ಇದ್ದವರು ಆ ಹೊತ್ತಿಗೆ ಒಂದು ನೀರು ಕೊಡಲೇಬೇಕು, ಒತ್ತಾಗಿ ಬಿತ್ತಬಾರದು, ರೋಗದ ದಂಟನ್ನು ಹೊಲದಿಂದ ಹೊರಗೆ ಸಾಗಿಸಬೇಕು.