ಕುಸ್ತಿ ಸುಳ್ಳಂತೆ, ಸ್ವಾಮಿ!

"ಅದೆಲ್ಲ ಫೇಕ್ ಅಲ್ವಾ?" ಡಬ್ಲ್ಯೂಡಬ್ಲ್ಯೂಇ, ಅಂದರೆ ಟಿವಿಯಲ್ಲಿ ಬರುವ ಅಮೆರಿಕದ ಕಂಪನಿಯೊಂದರ ಕುಸ್ತಿ, ನೋಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರಾದರೂ ಯಾರು? ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಸಾಗಿಸುವುದನ್ನು ಉಸಿರು ಬಿಗಿಹಿಡಿದು ಟಿವಿಯಲ್ಲಿ ನೋಡಿ, ಮುಂದೇನಾಗುತ್ತದೋ ಎಂದು ರಾತ್ರಿ ನಿದ್ದೆಗೆಟ್ಟವರು. ಅವರಿಗೆ ಉತ್ತರ ಸರಳವಾಗಿದೆ. ಹೌದು ಸ್ವಾಮಿ, ಸುಳ್ಳು, ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಕಂಪನಿಯೇ ಸರ್ಕಾರದ ಮುಂದೆ ಹೋಗಿ ಸುಳ್ಳೆಂದು ಒಪ್ಪಿಕೊಂಡಿದೆ, ಒಪ್ಪಿಕೊಂಡು ದುಡ್ಡೂ ಉಳಿಸಿಕೊಂಡಿದೆ.

ಹಿಂದಿನವರು ಹೀಗಿರಲಿಲ್ಲ. ಸುಳ್ಳನ್ನು ಹೆತ್ತ ಮಗುವಿನಂತೆ ಕಾಯುತ್ತಿದ್ದರು. ಖಳನೂ ನಾಯಕನೂ ಒಂದೇ ಹೋಟೆಲಿನಲ್ಲಿ ಊಟ ಮಾಡುವಂತಿರಲಿಲ್ಲ, ಒಂದೇ ಕಾರಿನಲ್ಲಿ ಹೋಗುವಂತಿರಲಿಲ್ಲ. 1987ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ಒಳಗಿದ್ದವರು ಇರಾನಿನ ಕಡುಖಳ ಐರನ್ ಶೇಖ್ ಮತ್ತು ಅಮೆರಿಕದ ಬಾವುಟ ಹಿಡಿದು ಅವನನ್ನು ಬಡಿಯುತ್ತಿದ್ದ ದೇಶಭಕ್ತ ಜಿಮ್ ಡಗ್ಗನ್. ಕಾರಿನಲ್ಲಿ ಮಾದಕ ವಸ್ತುವೂ ಸಿಕ್ಕಿತು, ಇಬ್ಬರ ಕೆಲಸವೂ ಹೋಯಿತು. ಆದರೆ ಕುಸ್ತಿ ಲೋಕ ಹಣೆ ಹಣೆ ಚಚ್ಚಿಕೊಂಡದ್ದು ಮಾದಕ ವಸ್ತುವಿಗಲ್ಲ. ಬದ್ಧವೈರಿಗಳು ಪಕ್ಕಪಕ್ಕದ ಸೀಟಿನಲ್ಲಿ ಕೂತು ಪೆಟ್ರೋಲ್ ಖರ್ಚು ಹಂಚಿಕೊಳ್ಳುತ್ತಿದ್ದಾರೆಂಬುದು ಊರಿಗೆಲ್ಲ ತಿಳಿಯಿತಲ್ಲ, ಅದಕ್ಕೆ.

ಇದಾಗಿ ಎರಡು ವರ್ಷವೂ ತುಂಬಿರಲಿಲ್ಲ. 1989ರ ಫೆಬ್ರುವರಿಯಲ್ಲಿ ಅದೇ ನ್ಯೂಜೆರ್ಸಿಯ ಸೆನೆಟ್ ಮುಂದೆ ಕಂಪನಿಯ ಕಡೆಯವರು ಹೇಳಿದ್ದು: ನಮ್ಮದು ಕ್ರೀಡೆಯಲ್ಲ, ಮನರಂಜನೆ. ಕ್ರೀಡೆಯಾದರೆ ರಾಜ್ಯದ ಪರವಾನಗಿ ಬೇಕು, ಟಿವಿ ಪ್ರಸಾರದ ಆದಾಯಕ್ಕೆ ತೆರಿಗೆ ಕಟ್ಟಬೇಕು, ಪಂದ್ಯಕ್ಕೆ ಮೊದಲು ಪೈಲ್ವಾನರ ವೈದ್ಯಕೀಯ ತಪಾಸಣೆ ಆಗಬೇಕು. ಮನರಂಜನೆಯಾದರೆ ಇದಾವುದರ ತಂಟೆಯೂ ಇಲ್ಲ. ತಲೆಮಾರುಗಳ ಕಾಲ ಹೆಂಡತಿ ಮಕ್ಕಳಿಗೂ ಬಾಯಿ ಬಿಡದೆ ಕಾಪಾಡಿದ್ದ ಗುಟ್ಟು ಕೊನೆಗೆ ರಟ್ಟಾದದ್ದು ಯಾರ ಹೊಡೆತಕ್ಕೂ ಅಲ್ಲ, ತೆರಿಗೆಯ ಹೊಡೆತಕ್ಕೆ.

ಈಗ ಸುಳ್ಳು ಎಲ್ಲಿಂದ ಎಲ್ಲಿಯವರೆಗೆ ಎಂದು ನೋಡೋಣ. ರಿಂಗು 20 ಅಡಿ ಚೌಕ. ತಳದಲ್ಲಿ ಕಬ್ಬಿಣದ ತೊಲೆಗಳು, ಅವುಗಳ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಫೋಮ್, ಅದರ ಮೇಲೆ ಬಿಗಿದು ಕಟ್ಟಿದ ಕ್ಯಾನ್ವಾಸ್. "ಕೆಳಗೆ ಹಾಸಿಗೆ ಹಾಸಿರ್ತಾರೆ ಬಿಡ್ರೀ" ಎನ್ನುವವರು ಅಟ್ಟದ ಮೇಲೆ ಒಂದು ಜಮಖಾನ ಹಾಸಿ, ನಿಂತಲ್ಲಿಂದ ಅಂಗಾತ ಬಿದ್ದು ನೋಡಬಹುದು. ಬೇಡ, ಮನೆಯಲ್ಲಿ ಪ್ರಯತ್ನಿಸಬೇಡಿ ಎಂದು ಟಿವಿಯಲ್ಲೇ ಹೇಳಿದ್ದಾರೆ. ಬೀಳುವುದಕ್ಕೂ ಪಾಠವಿದೆ. ಗದ್ದ ಎದೆಗೆ ಅಂಟಿರಬೇಕು, ಇಲ್ಲದಿದ್ದರೆ ಮೊದಲು ಬಡಿಯುವುದು ತಲೆಯ ಹಿಂಭಾಗ. ಉಸಿರು ಹೊರಗೆ ಬಿಟ್ಟಿರಬೇಕು. ಬೆನ್ನಿನ ಮೇಲ್ಭಾಗ ನೆಲ ಮುಟ್ಟುವ ಕ್ಷಣಕ್ಕೇ, ಮೈಯಿಂದ ಸುಮಾರು 45 ಡಿಗ್ರಿ ಚಾಚಿದ ಎರಡೂ ಕೈಗಳ ಅಂಗೈಗಳು ಕ್ಯಾನ್ವಾಸಿಗೆ ಬಡಿಯಬೇಕು. ಭಯಬಿದ್ದು ಹಿಂದಕ್ಕೆ ಕೈ ಊರಿದರೆ ಮಣಿಕಟ್ಟಾದರೂ ಹೋಯಿತು, ಮೊಣಕೈಯಾದರೂ ಹೋಯಿತು. ಕೇಳಿಸುವ 'ಧಡ್' ಶಬ್ದ ಅರ್ಧ ಮೈಯದು, ಇನ್ನರ್ಧ ಕೆಳಗಿನ ಟೊಳ್ಳಿನದು.

ಗುದ್ದಿಗೆ ಸದ್ದು ಬೇಕಾದರೆ ಗುದ್ದುವವನು ಅದೇ ಹೊತ್ತಿಗೆ ಕಾಲನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ಒದೆಗೆ ಸದ್ದು ಬೇಕಾದರೆ ಮರೆಯಲ್ಲಿ ತನ್ನ ತೊಡೆಯನ್ನೇ ತಟ್ಟಿಕೊಳ್ಳುತ್ತಾನೆ. ನಮ್ಮ ಗರಡಿ ಪೈಲ್ವಾನರು ತೊಡೆ ತಟ್ಟುವುದು ಸವಾಲು ಹಾಕಲು, ಅವರು ತಟ್ಟುವುದು ಏಟು ಬಿದ್ದಿದೆ ಎಂದು ನಂಬಿಸಲು. ಎತ್ತಿ ಬಿಸಾಡುವ ಪಟ್ಟಿನಲ್ಲಂತೂ ಎತ್ತಿಸಿಕೊಳ್ಳುವವನದೇ ಮುಕ್ಕಾಲು ಕೆಲಸ. ಅವನು ನೆಗೆಯಬೇಕು, ಎತ್ತುವವನ ತೊಡೆಗೆ ಕೈ ಊರಿ ತನ್ನ ಭಾರವನ್ನು ತಾನೇ ತಳ್ಳಿಕೊಡಬೇಕು. ಕಂಪನಿಯ ವರ್ಷದ ದೊಡ್ಡ ಜಾತ್ರೆ ರೆಸಲ್‌ಮೇನಿಯಾ. 1987ರ ರೆಸಲ್‌ಮೇನಿಯಾದಲ್ಲಿ 520 ಪೌಂಡ್ ಎಂದು ಹೆಸರಾದ ಆಂಡ್ರೆ ದಿ ಜೈಂಟ್‌ನನ್ನು ಹಲ್ಕ್ ಹೋಗನ್ ಎತ್ತಿ ಒಗೆದದ್ದು ಇಂದಿಗೂ ಪುರಾಣ. ಆಂಡ್ರೆಯ ಬೆನ್ನಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಬಟ್ಟೆಯೊಳಗೆ ಬೆಲ್ಟು ಬಿಗಿದುಕೊಂಡು ರಿಂಗಿಗೆ ಇಳಿದಿದ್ದ. ಅವನು ಮನಸ್ಸು ಮಾಡದಿದ್ದರೆ ಹೋಗನ್ ಅವನ ಒಂದು ಕಾಲನ್ನೂ ಅಲ್ಲಾಡಿಸಲು ಆಗುತ್ತಿರಲಿಲ್ಲ. ಪುರಾಣದಲ್ಲಿ ಹೋಗನ್ ಹೆಸರಿದೆ, ಬೆನ್ನು ಕೊಟ್ಟವನು ಆಂಡ್ರೆ.

ಲೆಕ್ಕ ಒಂದು ಗೇಣು ತಪ್ಪಿದರೆ? 1997ರ ಆಗಸ್ಟ್ 3, ಸಮ್ಮರ್‌ಸ್ಲ್ಯಾಮ್ ಎಂಬ ಪ್ರದರ್ಶನ. ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಕೂರುವ ಪೈಲ್‌ಡ್ರೈವರ್ ಪಟ್ಟಿನಲ್ಲಿ, ಹಿಡಿಸಿಕೊಂಡವನ ನೆತ್ತಿ ಹಿಡಿದವನ ತೊಡೆಗಿಂತ ಮೇಲಿರಬೇಕು. ಓವನ್ ಹಾರ್ಟ್ ಹಿಡಿದಾಗ ಸ್ಟೀವ್ ಆಸ್ಟಿನ್‌ನ ತಲೆ ಕೆಳಕ್ಕೆ ಜಾರಿತ್ತು. ಕುತ್ತಿಗೆಗೆ ಪೆಟ್ಟಾಗಿ ಆಸ್ಟಿನ್‌ಗೆ ಕೈಕಾಲು ಆಡದಾಯಿತು. ಆದರೆ ಕಥೆಯಲ್ಲಿ ಗೆಲ್ಲಬೇಕಾದವನು ಅವನೇ! ಓವನ್ ರಿಂಗಿನಲ್ಲಿ ಅತ್ತಿತ್ತ ಓಡಾಡಿ ಕೂಗಾಡುತ್ತ ಕಾಲ ತಳ್ಳಿದ. ಆಸ್ಟಿನ್ ತೆವಳಿಕೊಂಡು ಬಂದು ಅವನನ್ನು ಹೇಗೋ ಮಗುಚಿದ, ರೆಫರಿ ಮೂರು ಎಣಿಸಿದ. ನೆಟ್ಟಗೆ ನಿಲ್ಲಲಾರದವನು ಗೆದ್ದ, ಅವನನ್ನು ಗೆಲ್ಲಿಸಲು ಆರೋಗ್ಯವಾಗಿದ್ದವನು ಪಡಬಾರದ ಪಾಡು ಪಟ್ಟ.

ರಕ್ತದ ವಿಚಾರ. ಹಳಬರು ಮಣಿಕಟ್ಟಿನ ಟೇಪಿನೊಳಗೆ ಬ್ಲೇಡಿನ ಚೂರು ಅಡಗಿಸಿಟ್ಟುಕೊಂಡು, ಬಿದ್ದಾಗ ಮುಖ ಮುಚ್ಚಿಕೊಂಡಂತೆ ಮಾಡಿ ಹಣೆ ಗೀರಿಕೊಳ್ಳುತ್ತಿದ್ದರು. ಬೆವರಿನೊಂದಿಗೆ ಬೆರೆತರೆ ಚಮಚದಷ್ಟು ರಕ್ತವೂ ಮುಖವೆಲ್ಲ ಹರಿಯುತ್ತದೆ. ಆಳ ತಪ್ಪಿದರೆ ಹೊಲಿಗೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಮೊದಲ ಹನಿ ರಕ್ತ ಕಂಡೊಡನೆ ಮುಗಿಯುತ್ತದೆ. ಅಮೆರಿಕದ ರಿಂಗಿನಲ್ಲಿ ಅಲ್ಲಿಂದಲೇ ಶುರು.

ಕ್ರೀಡೆಯಲ್ಲ ಎಂದು ಹೇಳಿಕೆ ಕೊಟ್ಟ ಹತ್ತು ವರ್ಷಕ್ಕೆ, 1999ರ ಮೇ 23ರಂದು, ಕಾನ್ಸಾಸ್ ಸಿಟಿಯಲ್ಲಿ ಅದೇ ಓವನ್ ಹಾರ್ಟ್‌ನನ್ನು ಸಭಾಂಗಣದ ಸೂರಿನಿಂದ ಹಗ್ಗದಲ್ಲಿ ಇಳಿಸುವ ಏರ್ಪಾಡಾಗಿತ್ತು. ಕೆಳಗೆ ಬಂದೊಡನೆ ಹಾಸ್ಯವಾಗಿ ದೊಪ್ಪನೆ ಬೀಳಬೇಕೆಂದು, ಥಟ್ಟನೆ ಬಿಚ್ಚಿಕೊಳ್ಳುವ ಕೊಂಡಿ ಹಾಕಿದ್ದರು. ಅದು ಮೇಲೆಯೇ ಬಿಚ್ಚಿಕೊಂಡಿತು. ಸುಮಾರು 78 ಅಡಿ. ಟಿವಿಯಲ್ಲಿ ವಿವರಣೆ ಹೇಳುತ್ತಿದ್ದವರು ಇದು ಕಾರ್ಯಕ್ರಮದ ಭಾಗವಲ್ಲ ಎಂದು ನೋಡುಗರಿಗೆ ಬಿಡಿಸಿ ಹೇಳಬೇಕಾಯಿತು. ಅವನು ಸತ್ತ. ಉಳಿದ ಪಂದ್ಯಗಳು ನಡೆದವು.

ಇವರೆಲ್ಲ ಕಂಪನಿಯ ನೌಕರರೇ ಎಂದು ಕೇಳಿದರೆ, ಅಲ್ಲ. ಕಾಗದದ ಮೇಲೆ ಇವರು 'ಸ್ವತಂತ್ರ ಗುತ್ತಿಗೆದಾರರು'. ಎಷ್ಟು ಸ್ವತಂತ್ರರು ಎಂದರೆ, ಅಪ್ಪಣೆಯಿಲ್ಲದೆ ಬೇರೆ ಕಂಪನಿಯ ರಿಂಗು ಹತ್ತುವಂತಿಲ್ಲ, ಯಾವಾಗ ಗೆಲ್ಲಬೇಕು ಯಾವಾಗ ಸೋಲಬೇಕು ಎಂದು ಹೇಳುವಂತಿಲ್ಲ, ಎಷ್ಟೋ ಜನರ ಹೆಸರು ಕೂಡ ಕಂಪನಿಯ ಆಸ್ತಿ. ಊರೂರು ಸುತ್ತುವಾಗ ಬಾಡಿಗೆ ಕಾರು, ಹೋಟೆಲ್ ರೂಮಿನ ವಿಚಾರದಲ್ಲಿ ಮಾತ್ರ ಬಹುಪಾಲು ಜನ ಬಹುಕಾಲ ನಿಜವಾಗಿ ಸ್ವತಂತ್ರರಾಗಿದ್ದರು, ಖರ್ಚು ಅವರದೇ. 1986ರಲ್ಲಿ ಜೆಸ್ಸಿ ವೆಂಚುರಾ ಪೈಲ್ವಾನರದೇ ಒಂದು ಸಂಘ ಕಟ್ಟೋಣವೆಂದು ಹೊರಟ. ಸುದ್ದಿಯನ್ನು ಯಜಮಾನ ವಿನ್ಸ್ ಮೆಕ್‌ಮಹನ್‌ರ ಕಿವಿಗೆ ಮುಟ್ಟಿಸಿದ್ದು ಹೋಗನ್ ಎಂದು ಮುಂದೆ ಮೊಕದ್ದಮೆಯೊಂದರಲ್ಲಿ ವೆಂಚುರಾಗೆ ತಿಳಿಯಿತು. ಬೆಂಗಳೂರಿನಲ್ಲಿ ಮಳೆಯಲ್ಲಿ ನೆಂದು ಊಟ ತಂದುಕೊಡುವ ಹುಡುಗನನ್ನು ಆ್ಯಪಿನವರು 'ಪಾಲುದಾರ' ಎನ್ನುತ್ತಾರಲ್ಲ, ಆ ವಿದ್ಯೆಯಲ್ಲಿ ಕುಸ್ತಿಯವರು ಬಹಳ ಹಿರಿಯರು.

ಲೆಕ್ಕದಲ್ಲೂ ಅಷ್ಟೇ. 1987ರ ಆ ರೆಸಲ್‌ಮೇನಿಯಾಕ್ಕೆ ಸೇರಿದವರು 93,173 ಎಂದು ಕಂಪನಿ ಘೋಷಿಸಿತು. ಸುಮಾರು 78,000 ಎಂದು ಬರೆದ ಪತ್ರಕರ್ತರೊಂದಿಗೆ ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. 2016ರ ರೆಸಲ್‌ಮೇನಿಯಾಕ್ಕೆ ಟೆಕ್ಸಾಸಿನಲ್ಲಿ 1,01,763 ಎಂದರು. ಆ ಸಂಖ್ಯೆಯಲ್ಲಿ ಸೀಟು ತೋರಿಸುವವರು, ಟಿಕೆಟ್ ಹರಿಯುವವರೂ ಇದ್ದಾರೆ ಎಂದು ಯಜಮಾನರೇ ಆಮೇಲೆ ವಿವರಿಸಿದರು. ಮದುವೆಗೆ ಎಷ್ಟು ಜನ ಬಂದಿದ್ದರು ಎಂದರೆ ಅಡುಗೆಯವರನ್ನೂ ವಾಲಗದವರನ್ನೂ ಸೇರಿಸಿ ಹೇಳಿದ ಹಾಗೆ. 1993ರಲ್ಲಿ ಶುರುವಾದ 'ಹಾಲ್ ಆಫ್ ಫೇಮ್' ಗೌರವವಿದೆ, ಆದರೆ ಹಾಲ್ ಕಟ್ಟಲೇ ಇಲ್ಲ. 2019ರಲ್ಲಿ ತಂದ 24/7 ಚಾಂಪಿಯನ್ ಬೆಲ್ಟನ್ನು ರೆಫರಿ ಜೊತೆಗಿದ್ದರೆ ಎಲ್ಲಿ ಬೇಕಾದರೂ ಗೆಲ್ಲಬಹುದಿತ್ತು. ಗಾಲ್ಫ್ ಮೈದಾನದಲ್ಲಿ, ಹಾರುವ ವಿಮಾನದಲ್ಲಿ, ಒಬ್ಬನ ಮದುವೆಯಲ್ಲಿ ಗೆದ್ದರು. ಆರ್-ಟ್ರೂತ್ ಒಬ್ಬನೇ 50ಕ್ಕೂ ಹೆಚ್ಚು ಸಲ ಚಾಂಪಿಯನ್ ಆದ. 2022ರಲ್ಲಿ ಆ ಬೆಲ್ಟನ್ನು ಕಸದ ಬುಟ್ಟಿಯತ್ತ ಎಸೆದರು. ಇದಕ್ಕೆ ಹೋಲಿಸಿದರೆ, 90ರ ದಶಕದಲ್ಲಿ ನಮ್ಮ ಗೂಡಂಗಡಿಗಳಲ್ಲಿ ಸಿಗುತ್ತಿದ್ದ ಪೈಲ್ವಾನರ ಟ್ರಂಪ್ ಕಾರ್ಡುಗಳ ಎತ್ತರ, ತೂಕ, ಬೈಸೆಪ್ಸ್, ಗೆದ್ದ ಪಂದ್ಯಗಳ ಅಂಕಿಗಳೇ ವಾಸಿ. ಅಂಡರ್‌ಟೇಕರ್ ಎಂಬ ಪೈಲ್ವಾನನಿಗೆ ಏಳು ಜೀವ ಎಂಬ ಮಾತನ್ನಂತೂ ಯಾವ ಕಂಪನಿಯೂ ಅಚ್ಚು ಹಾಕಿಸಿರಲಿಲ್ಲ, ಅದು ಹುಡುಗರ ಸ್ವಂತ ಉತ್ಪಾದನೆ.

ಭಾರತದ ಮೇಲಿನ ಪ್ರೀತಿ ಉಕ್ಕಿದ್ದು 2017ರಲ್ಲಿ. ಮಾರುಕಟ್ಟೆ ದೊಡ್ಡದು, ಭಾರತೀಯ ಚಾಂಪಿಯನ್ ಬೇಕು. ಹುಡುಕಿ ತಂದದ್ದು ಜಿಂದರ್ ಮಹಲ್‌ನನ್ನು. ಊರು ಕೆನಡಾದ ಕ್ಯಾಲ್ಗರಿ. ಅಲ್ಲಿಯವರೆಗೆ ಅವನು ಜಾಬರ್, ಅಂದರೆ ಎದುರಾಳಿಯ ಮೆರವಣಿಗೆಗಾಗಿ ಸೋಲುವುದೇ ಉದ್ಯೋಗವಾಗಿದ್ದವನು. 2014ರಲ್ಲಿ ಕೆಲಸದಿಂದ ತೆಗೆದು, 2016ರಲ್ಲಿ ಮತ್ತೆ ಸೇರಿಸಿಕೊಂಡಿದ್ದರು. ಏಪ್ರಿಲ್ 18ರಂದು ಆರು ಜನರ ಪಂದ್ಯ ಗೆಲ್ಲಿಸಿದರು, ಮೇ 21ರಂದು ರ್‍ಯಾಂಡಿ ಆರ್ಟನ್‌ನನ್ನು ಸೋಲಿಸಿ ಚಾಂಪಿಯನ್ ಮಾಡಿದರು. ಪೇಟ, ಪಂಜಾಬಿ ಭಾಷಣ, 'ಮಹಾರಾಜ' ಎಂಬ ಬಿರುದು, ಅಕ್ಕಪಕ್ಕ ಇಬ್ಬರು ಸಿಂಗ್ ಸಹೋದರರು. ಅವರೂ ಕೆನಡಾದವರೇ. ಡಿಸೆಂಬರಿನಲ್ಲಿ ದೆಹಲಿಯಲ್ಲಿ ಎರಡು ದಿನದ ಪ್ರದರ್ಶನವೆಂದು ಸಾರಿದರು. ಟಿಕೆಟ್ ಹೋಗುವ ಹೊತ್ತಿಗೆ ಮನಸ್ಸು ಬದಲಾಯಿತು. ನವೆಂಬರ್ 7ರಂದು ಮ್ಯಾಂಚೆಸ್ಟರಿನಲ್ಲಿ ಬೆಲ್ಟು ಕಿತ್ತು ಎ.ಜೆ. ಸ್ಟೈಲ್ಸ್‌ಗೆ ಕೊಟ್ಟರು. ಎರಡು ದಿನ ಒಂದು ದಿನವಾಯಿತು. ಡಿಸೆಂಬರ್ 9ರಂದು ಮಹಾರಾಜರು ಬರಿಗೈಯಲ್ಲಿ ದೆಹಲಿಗೆ ಬಂದರು, ಅವರ ಎದುರು ನಿಂತವನು ಕಂಪನಿಯ ಯಜಮಾನರ ಅಳಿಯ ಟ್ರಿಪಲ್ ಎಚ್. ತವರು ಎಂದು ಕರೆದುತಂದ ನೆಲದಲ್ಲಿ ಅಳಿಯ ದೇವರು ಗೆದ್ದರು, ಗೆದ್ದಮೇಲೆ ಸೋತವರ ಜೊತೆ ಸೇರಿ ಭಾಂಗ್ಡಾ ಕುಣಿದರು. ಆರು ತಿಂಗಳ ಭಾರತ ಪ್ರೇಮ ಅಲ್ಲಿಗೆ ಮುಗಿಯಿತು.

ಈಗಿನದನ್ನು ಬೈಯಲು ಹೊರಟರೆ ಪೂರ್ತಿ ಬೈಯಲೂ ಆಗದು. ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು 2010ರಲ್ಲಿ ನಿಲ್ಲಿಸಿದ್ದಾರೆ. ಬೀಳುವ ವಿದ್ಯೆಯಲ್ಲಿ ಇಂದಿನ ಹುಡುಗ ಹುಡುಗಿಯರು ಹಳಬರಿಗಿಂತ ಎಷ್ಟೋ ಮೇಲು. ಕಷ್ಟ ಇರುವುದು ಬೀಳುವ ಜಾಗದಲ್ಲಿ. 2024ರಲ್ಲಿ ಕ್ಯಾನ್ವಾಸಿನ ನಟ್ಟನಡುವೆ ಒಂದು ಪಾನೀಯದ ಜಾಹೀರಾತು ಬಂತು. ಆ ಪಾನೀಯದ ಒಡೆಯರಲ್ಲಿ ಒಬ್ಬನಾದ ಲೋಗನ್ ಪಾಲ್ ಆಗ ಅದೇ ರಿಂಗಿನಲ್ಲಿ ಚಾಂಪಿಯನ್. ಎದುರಾಳಿಯನ್ನು ಎತ್ತಿ ತನ್ನದೇ ಬಾಟಲಿಯ ಚಿತ್ರದ ಮೇಲೆ ಕುಕ್ಕಬಹುದು, ಒಂದೇ ಏಟಿಗೆ ಎರಡು ವ್ಯಾಪಾರ. 2025ರ ಜನವರಿಯಿಂದ ಪ್ರಸಾರ ನೆಟ್‌ಫ್ಲಿಕ್ಸ್‌ನಲ್ಲಿ, ಹತ್ತು ವರ್ಷಕ್ಕೆ 500 ಕೋಟಿ ಡಾಲರಿಗೂ ಮೇಲೆ. 2027ರ ರೆಸಲ್‌ಮೇನಿಯಾ ರಿಯಾದ್‌ಗೆ. ಸೌದಿಯವರೊಂದಿಗಿನ ಒಪ್ಪಂದದ ಮೊದಲ ಜಾತ್ರೆ, 2018ರಲ್ಲಿ ಜೆಡ್ಡಾದಲ್ಲಿ ಒಬ್ಬೊಬ್ಬರಾಗಿ ರಿಂಗಿಗೆ ಇಳಿಯುವ 50 ಜನರ ರಂಬಲ್ ಪಂದ್ಯ, ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದು ಟೈಟಸ್ ಓನೀಲ್‌ನಿಂದ. ರಿಂಗಿನತ್ತ ಓಡಿಬರುವಾಗ ಮುಗ್ಗರಿಸಿ, ಬೋರಲಾಗಿ ಬಿದ್ದು, ಜಾರುತ್ತಲೇ ರಿಂಗಿನ ಅಡಿಗೆ ಹೋಗಿಬಿಟ್ಟ. ಯಾರೂ ಬರೆದುಕೊಟ್ಟಿರಲಿಲ್ಲ.

1989ರಲ್ಲಿ ಗಂಡನ ಜೊತೆ ಈ ಕಂಪನಿ ನಡೆಸುತ್ತಿದ್ದ ಲಿಂಡಾ ಮೆಕ್‌ಮಹನ್ 2001ರ ರೆಸಲ್‌ಮೇನಿಯಾದಲ್ಲಿ, ಕಥೆಯ ಪ್ರಕಾರ ಮತ್ತಿನ ಮದ್ದು ಕೊಟ್ಟು ಕೂರಿಸಿದ್ದ ಗಾಲಿಕುರ್ಚಿಯಿಂದ ಎದ್ದುನಿಂತು ಅದೇ ಗಂಡನ ಎರಡು ಕಾಲಿನ ನಡುವೆ ಒದ್ದಿದ್ದರು. 2025ರ ಮಾರ್ಚ್ 3ರಂದು ಸೆನೆಟ್ 51–45 ಮತಗಳಿಂದ ಅವರನ್ನು ಅಮೆರಿಕದ ಶಿಕ್ಷಣ ಸಚಿವೆಯಾಗಿ ಒಪ್ಪಿಕೊಂಡಿತು. ಅದೇ ತಿಂಗಳ 20ರಂದು, ಶಿಕ್ಷಣ ಇಲಾಖೆಯನ್ನು ಮುಚ್ಚುವ ದಾರಿ ನೋಡಿ ಎಂಬ ಆದೇಶಕ್ಕೆ ಅಧ್ಯಕ್ಷರು ಸಹಿ ಹಾಕಿದರು. ಆ ಅಧ್ಯಕ್ಷರೂ 2013ರಿಂದ ಕಟ್ಟಡವಿಲ್ಲದ ಹಾಲ್ ಆಫ್ ಫೇಮ್‌ನ ಸದಸ್ಯರೇ. ಅಂತೂ ಒಂದು ಇಡೀ ಇಲಾಖೆಗೆ ಜಾಬರ್ ಕೆಲಸ ಸಿಕ್ಕಿದೆ.